ಬಗರಿ ಮತ್ತು ಕೆಂದಾಮ

ಮುಶಿಗೇರಿಯ ಬಾಲಕರಿಗೆ ಬಗರಿಯನ್ನು ಪರಿಚಯಿಸಬೇಕಾಗಿಲ್ಲ. ಹುರಿ ಸುತ್ತಿ ಬೀಸಿ ಎಸೆದೊಡನೆ ಅದು ಮೊಳೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ವೇಗ ಕುಂದಿದಾಗ ಓಲಾಡಿ ಬೀಳುತ್ತದೆ. ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡದೆಂಬುದೇ ಇದರ ತತ್ತ್ವ.

ಜಪಾನಿನ ಕೆಂದಾಮವೆಂಬ ಆಟಿಕೆಯಲ್ಲಿಯೂ ಇದೇ ತತ್ತ್ವವುಂಟು. ಕಟ್ಟಿಗೆಯ ಹಿಡಿಕೆ, ಮೂರು ಬಟ್ಟಲು, ಒಂದು ಮೊನೆ, ದಾರಕ್ಕೆ ಕಟ್ಟಿದ ರಂಧ್ರವುಳ್ಳ ಚೆಂಡು: ಇಷ್ಟೇ ಅದರ ಅಂಗಗಳು. ಇಂದಿನ ರೂಪವು 1918ರ ಸುಮಾರಿಗೆ ಹಿರೋಷಿಮಾ ಪ್ರಾಂತದ ಕುರೆ ನಗರದಲ್ಲಿ ಸಿದ್ಧವಾಯಿತು. ತೂಗುವ ಚೆಂಡನ್ನು ಮೊದಲು ಬೆರಳಿನಿಂದ ತಿರುಗಿಸಿ, ಮೊಣಕಾಲು ಬಗ್ಗಿಸಿ ನೇರವಾಗಿ ಮೇಲೆತ್ತಿದರೆ, ರಂಧ್ರವು ಅತ್ತಿತ್ತ ಹೊರಳದೆ ಮೊನೆಯ ಮೇಲೆ ಇಳಿಯುತ್ತದೆ.

ಪುಸ್ತಕವು ಕೋನೀಯ ಸಂವೇಗವೆಂದು ಹೆಸರಿಡುವ ಮುನ್ನವೇ ಕೈ ಇದನ್ನು ಅರಿತಿರುತ್ತದೆ. ವಿದ್ಯಾರ್ಥಿಯ ಕಿಸೆಯ ಬಗರಿಯನ್ನು ಕಸಿದಿಡುವ ಬದಲು ಶಿಕ್ಷಕರು ಅದನ್ನೇ ತರಗತಿಯಲ್ಲಿ ತಿರುಗಿಸಿದರೆ, ಪಾಠವು ಅಲ್ಲಿಂದಲೇ ಆರಂಭವಾಗುವುದು.