ಮನೆಮಂದಿಯ ಕಾರೂ ಚುರುಕಿನ ಕಾರೂ

ಮಧ್ಯಮ ಗಾತ್ರದ ಸೆಡಾನ್ ಕಾರಿನಿಂದ ನಾವು ಎರಡು ಗುಣಗಳನ್ನು ಅಪೇಕ್ಷಿಸುತ್ತೇವೆ. ಐದು ಜನರ ಸಂಸಾರವು ಗಂಟುಮೂಟೆಗಳೊಡನೆ ಅದರಲ್ಲಿ ಸುಖವಾಗಿ ಕುಳಿತು ಊರಿಗೆ ಹೋಗಿಬರುವಂತಿರಬೇಕು. ಓಡಿಸುವವರ ಕೈಗೆ ಅದು ಚುರುಕಾಗಿಯೂ ಒದಗಬೇಕು. ಈ ಎರಡನೆಯ ಗುಣಕ್ಕೆ ಮಾರಾಟಗಾರರು ‘ಸ್ಪೋರ್ಟಿ’ ಎಂದು ಹೆಸರಿಟ್ಟಿದ್ದಾರೆ. ಕೆಂಪು ದಾರದ ಹೊಲಿಗೆಯ ಸೀಟು, ಕಪ್ಪು ಬಳಿದ ಚಕ್ರ, ಡಿಕ್ಕಿಯ ಮೇಲೊಂದು ಪುಟ್ಟ ರೆಕ್ಕೆ ಇವೆಲ್ಲವೂ ಆ ಹೆಸರಿನಲ್ಲಿಯೇ ಬಿಕರಿಯಾಗುತ್ತವೆ. ನಮ್ಮ ರಸ್ತೆಗಳ ವೇಗದಲ್ಲಿ ಆ ರೆಕ್ಕೆಯು ಮಾಡುವ ಕೆಲಸವು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಹಾಗಾದರೆ ಕಾರಿನ ಚುರುಕು ಎಲ್ಲಿದೆ? ಇದಕ್ಕೆ ಉತ್ತರ ಹುಡುಕಲು ಕಾಲೇಜಿನ ಮೊದಲ ವರ್ಷದ ಭೌತವಿಜ್ಞಾನವೇ ಸಾಕು. ಮನೆಯಲ್ಲಿ ಕಾರು ಕೊಳ್ಳುವ ಮಾತೆದ್ದಾಗ ಹಿರಿಯರು ಓದುವ ಮಕ್ಕಳ ಅಭಿಪ್ರಾಯವನ್ನು ಕೇಳುವುದುಂಟು. ಸಂಸಾರದ ಹಲವು ವರ್ಷಗಳ ಉಳಿತಾಯವೂ ಕೆಲವೊಮ್ಮೆ ಪ್ರಾಣವೂ ಆ ಆಯ್ಕೆಯನ್ನು ಅವಲಂಬಿಸಿರುವುದರಿಂದ, ಉತ್ತರವನ್ನು ಲೆಕ್ಕ ಹಾಕಿಯೇ ಹೇಳುವುದು ಲೇಸು.

ಮೊದಲು ಎಂಜಿನಿನ ವಿಚಾರ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಅಶ್ವಶಕ್ತಿ. ಒಂದು ಮೆಟ್ರಿಕ್ ಅಶ್ವಶಕ್ತಿ ಎಂದರೆ ಸುಮಾರು 735 ವಾಟ್. ಆದರೆ ಪ್ರಕಟವಾಗುವ ಸಂಖ್ಯೆಯು ಎಂಜಿನು ಒಂದು ನಿರ್ದಿಷ್ಟ ವೇಗದಲ್ಲಿ ತಿರುಗುವಾಗ ಕೊಡುವ ಪರಮಾವಧಿ ಸಾಮರ್ಥ್ಯ. ಎಲ್ಲ ವೇಗಗಳಲ್ಲಿಯೂ ಅದು ದೊರೆಯುವುದಿಲ್ಲ. ಟಾರ್ಕ್, ಅಂದರೆ ತಿರುಗಿಸುವ ಬಲವನ್ನು ಕೋನೀಯ ವೇಗದಿಂದ ಗುಣಿಸಿದರೆ ಸಾಮರ್ಥ್ಯ ಬರುತ್ತದೆ ಎಂಬ ಸೂತ್ರವನ್ನು ವಾಚಕರು ಬಲ್ಲರು. ಅದನ್ನು ಎರಡು ನಿಜವಾದ ಎಂಜಿನುಗಳಿಗೆ ಅನ್ವಯಿಸಿ ನೋಡೋಣ. 2020ರಲ್ಲಿ ಭಾರತಕ್ಕೆ ಬಂದ ಐದನೆಯ ಪೀಳಿಗೆಯ ಹೋಂಡಾ ಸಿಟಿಯ 1.5 ಲೀಟರ್ ಪೆಟ್ರೋಲ್ ಎಂಜಿನು ನಿಮಿಷಕ್ಕೆ 6,600 ಸುತ್ತಿನಲ್ಲಿ 121 ಅಶ್ವಶಕ್ತಿಯನ್ನೂ 4,300 ಸುತ್ತಿನಲ್ಲಿ 145 ನ್ಯೂಟನ್-ಮೀಟರ್ ಟಾರ್ಕನ್ನೂ ಕೊಡುತ್ತದೆ. 2022ರಲ್ಲಿ ಬಂದ ಫೋಕ್ಸ್‌ವ್ಯಾಗನ್ ವರ್ಟಸ್ ಮತ್ತು ಸ್ಕೋಡಾ ಸ್ಲಾವಿಯಾಗಳ 1.5 ಲೀಟರ್ ಟರ್ಬೊ ಎಂಜಿನು 150 ಅಶ್ವಶಕ್ತಿಯದು. ಅದರ 250 ನ್ಯೂಟನ್-ಮೀಟರ್ ಟಾರ್ಕು 1,600ರಿಂದ 3,500 ಸುತ್ತುಗಳವರೆಗೂ ಒಂದೇ ಸಮನೆ ನಿಲ್ಲುತ್ತದೆ. ಹೊರಹೋಗುವ ಹೊಗೆಯಿಂದಲೇ ಸಣ್ಣದೊಂದು ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಹೆಚ್ಚು ಗಾಳಿಯನ್ನು ಸಿಲಿಂಡರಿಗೆ ತುರುಕುವುದೇ ಟರ್ಬೊವಿನ ಯುಕ್ತಿ.

ಪರಮಾವಧಿಯಲ್ಲಿ ಇವೆರಡರ ಅಂತರ 29 ಅಶ್ವಶಕ್ತಿ ಮಾತ್ರ. ಆದರೆ ಪೇಟೆಯಲ್ಲಿಯೂ ಹೆದ್ದಾರಿಯಲ್ಲಿಯೂ ನಾವು ಬಹುಕಾಲ ಇರುವುದು 2,000 ಸುತ್ತಿನ ಆಸುಪಾಸಿನಲ್ಲಿ. ಅಲ್ಲಿ ಟರ್ಬೊ ಎಂಜಿನಿನ ಸಾಮರ್ಥ್ಯ 52 ಕಿಲೋವಾಟ್, ಅಂದರೆ 71 ಅಶ್ವಶಕ್ತಿ. ಇನ್ನೊಂದು ಎಂಜಿನು ತನ್ನ ಪೂರ್ಣ ಟಾರ್ಕನ್ನು ಅಲ್ಲಿಯೇ ಕೊಟ್ಟಿತೆಂದು ಉದಾರವಾಗಿ ಒಪ್ಪಿದರೂ 30 ಕಿಲೋವಾಟನ್ನು, ಅಂದರೆ 41 ಅಶ್ವಶಕ್ತಿಯನ್ನು ಮೀರಲಾರದು.

ಈ ವ್ಯತ್ಯಾಸದ ಬೆಲೆ ತಿಳಿಯುವುದು ಇಕ್ಕಟ್ಟಾದ ರಸ್ತೆಯಲ್ಲಿ ಲಾರಿಯನ್ನು ಹಿಂದೆ ಹಾಕುವಾಗ. ಜನರೂ ಸಾಮಾನೂ ತುಂಬಿದ ಕಾರಿನ ತೂಕ 1,600 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿಲೋಮೀಟರಿನಿಂದ 80ಕ್ಕೆ ಏರಲು ಬೇಕಾದ ಹೆಚ್ಚಿನ ಚಲನಶಕ್ತಿ ಸುಮಾರು 173 ಕಿಲೋಜೂಲ್. ಗಾಳಿಯ ತಡೆ, ಗೇರಿನ ಘರ್ಷಣೆ ಇವನ್ನು ಬಿಟ್ಟು ಒರಟಾಗಿ ಎಣಿಸಿದರೆ, 52 ಕಿಲೋವಾಟಿನಲ್ಲಿ ಇದಕ್ಕೆ 3.3 ಸೆಕೆಂಡು, 30 ಕಿಲೋವಾಟಿನಲ್ಲಿ 5.8 ಸೆಕೆಂಡು ಬೇಕು. ಎರಡೂವರೆ ಸೆಕೆಂಡು ಏನು ಮಹಾ ಎನ್ನಬೇಡಿ. ಎದುರಿನಿಂದ ಬಸ್ಸೊಂದು 70 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದು ನಮ್ಮ ಸರಾಸರಿ ವೇಗವೂ ಅಷ್ಟೇ ಆಗಿದ್ದರೆ, ಆ ಎರಡೂವರೆ ಸೆಕೆಂಡಿನಲ್ಲಿ ನಡುವಿನ ಅಂತರವು 97 ಮೀಟರ್ ಕುಗ್ಗಿರುತ್ತದೆ. ಹಾಗೆಂದು ಟರ್ಬೊ ಇಲ್ಲದ ಕಾರನ್ನು ತಳ್ಳಿಹಾಕುವುದು ಅನ್ಯಾಯ. ಅದೇ ಹೋಂಡಾವನ್ನು ಓಡಿಸುವವರು ಗೇರನ್ನು ಕೆಳಗಿಳಿಸಿ ಎಂಜಿನನ್ನು 4,300 ಸುತ್ತಿಗೆ ಏರಿಸಿದರೆ 65 ಕಿಲೋವಾಟ್ ಕೈಗೆ ಬರುತ್ತದೆ, ಆಗ 2.7 ಸೆಕೆಂಡಿನಲ್ಲೇ ಕೆಲಸ ಮುಗಿಯುವುದು. ಒಂದು ಎಂಜಿನು ತಾನಾಗಿ ಕೊಡುವುದನ್ನು ಇನ್ನೊಂದರಿಂದ ಕೇಳಿ ಪಡೆಯಬೇಕು. ಮನೆಯಲ್ಲಿ ಓಡಿಸುವವರು ಹಾಗೆ ಕೇಳಬಲ್ಲವರೇ ಎಂಬುದನ್ನು ಮೊದಲು ವಿಚಾರಿಸುವುದು ಒಳ್ಳೆಯದು.

ಇಷ್ಟಾದರೂ ಎಂಜಿನು ಚುರುಕಿನ ಅರ್ಧಭಾಗವೂ ಅಲ್ಲವೆಂದು ನಾವು ಭಾವಿಸುತ್ತೇವೆ. ಕಾರು ಓಡುವುದೂ ತಿರುಗುವುದೂ ನಿಲ್ಲುವುದೂ ಟೈರು ನೆಲವನ್ನು ಮುಟ್ಟುವ ನಾಲ್ಕು ತುಣುಕುಗಳಿಂದಲೇ. 1,500 ಕಿಲೋಗ್ರಾಂ ತೂಗುವ ಕಾರಿನಲ್ಲಿ ಒಂದೊಂದು ಟೈರಿನ ಮೇಲೆ ಸುಮಾರು 3,700 ನ್ಯೂಟನ್ ಭಾರ ಬೀಳುತ್ತದೆ. ಟೈರಿನೊಳಗಿನ ಗಾಳಿಯ ಒತ್ತಡ 33 ಪೌಂಡು, ಅಂದರೆ ಸುಮಾರು 2,30,000 ಪಾಸ್ಕಲ್. ಭಾರವನ್ನು ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ತಾಗುವ ಕ್ಷೇತ್ರವು ಹೆಚ್ಚುಕಡಿಮೆ 160 ಚದರ ಸೆಂಟಿಮೀಟರ್. ಬೆರಳುಗಳೂ ಸೇರಿದಂತೆ ನಮ್ಮ ಒಂದು ಅಂಗೈಯಷ್ಟು. ಇಡೀ ಸಂಸಾರವು ನಾಲ್ಕು ಅಂಗೈಗಳ ಮೇಲೆ ಓಡುತ್ತದೆ!

ನಿಲ್ಲುವ ದೂರವನ್ನು ನೋಡಿ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಘರ್ಷಣಾಂಕ 0.8 ಎಂದು ಹಿಡಿದರೆ, 100 ಕಿಲೋಮೀಟರ್ ವೇಗದ ಕಾರು ಬ್ರೇಕು ಹಿಡಿದ ಮೇಲೆ 49 ಮೀಟರಿನಲ್ಲಿ ನಿಲ್ಲುತ್ತದೆ. ಮಳೆಯಲ್ಲಿ, ಸವೆದ ಟೈರಿನಿಂದಾಗಿ, ಅದು 0.4ಕ್ಕೆ ಇಳಿದರೆ 98 ಮೀಟರ್ ಬೇಕು. ಕಾಲು ಬ್ರೇಕನ್ನು ತಲುಪುವ ಮೊದಲಿನ ಒಂದು ಸೆಕೆಂಡಿನಲ್ಲಿ ಓಡಿದ 28 ಮೀಟರ್ ಇದಕ್ಕೆ ಸೇರಬೇಕು. ಸೂತ್ರದಲ್ಲಿ ಅಶ್ವಶಕ್ತಿಯೂ ಇಲ್ಲ, ಕಾರಿನ ಬೆಲೆಯೂ ಇಲ್ಲ. ಉಳಿಯುವುದು ವೇಗದ ವರ್ಗ ಮತ್ತು ಟೈರಿನ ಹಿಡಿತ.

ತಿರುವಿನಲ್ಲಿಯೂ ಇದೇ ಕಥೆ. ಆಗುಂಬೆ ಘಟ್ಟದಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಂಥ ಒಂದು ತಿರುವಿನ ತ್ರಿಜ್ಯ 15 ಮೀಟರ್, ಹಿಡಿತದ ಅಂಕ 0.7 ಎಂದಾದರೆ, ಎಷ್ಟೇ ಬಲಿಷ್ಠವಾದ ಕಾರಾದರೂ ಗಂಟೆಗೆ ಸುಮಾರು 36 ಕಿಲೋಮೀಟರಿಗಿಂತ ವೇಗವಾಗಿ ಅಲ್ಲಿ ತಿರುಗಲಾರದು. ಆದರೆ ಆ ಮಿತಿಯೊಳಗೆ ಒಂದು ಕಾರು ನೆಟ್ಟಗೆ ಕುಳಿತಂತೆಯೂ ಇನ್ನೊಂದು ಹೊಯ್ದಾಡಿದಂತೆಯೂ ತೋರುವುದೇಕೆ? ತಿರುವಿನಲ್ಲಿ ಭಾರವು ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ಗುರುತ್ವಕೇಂದ್ರ ಎತ್ತರವಾಗಿದ್ದಷ್ಟೂ ಹೆಚ್ಚು ಸರಿಯುತ್ತದೆ. ಚಕ್ರಗಳ ನಡುವಿನ ಅಗಲ 1.5 ಮೀಟರ್, ಪಕ್ಕದ ವೇಗೋತ್ಕರ್ಷ ಗುರುತ್ವದ ಅರ್ಧದಷ್ಟು ಎಂದುಕೊಳ್ಳಿ. ಗುರುತ್ವಕೇಂದ್ರ 55 ಸೆಂಟಿಮೀಟರ್ ಎತ್ತರದಲ್ಲಿರುವ ಸೆಡಾನಿನಲ್ಲಿ ಹೊರಗಿನ ಚಕ್ರಗಳು ಒಟ್ಟು ಭಾರದ ಶೇಕಡಾ 68ನ್ನು ಹೊರುತ್ತವೆ. 70 ಸೆಂಟಿಮೀಟರ್ ಎತ್ತರದಲ್ಲಿರುವ ಜೀಪಿನಂಥ ವಾಹನದಲ್ಲಿ ಶೇಕಡಾ 73ನ್ನು. ಭಾರ ಹೆಚ್ಚಿದಂತೆ ಟೈರಿನ ಹಿಡಿತವು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲವಾದ್ದರಿಂದ, ಭಾರವು ಸಮನಾಗಿ ಹಂಚಿಹೋಗಿರುವ ವಾಹನಕ್ಕೇ ಲಾಭ. ಎತ್ತರದ ಗಾಡಿಗಳ ಈ ಕಾಲದಲ್ಲಿ ಸೆಡಾನನ್ನು ಇನ್ನೂ ಮೆಚ್ಚುವವರ ಪಕ್ಷಕ್ಕೆ ಇದಕ್ಕಿಂತ ಬಲವಾದ ವಾದ ಬೇಕಿಲ್ಲ.

ತಗ್ಗಿದ ಮೈಗೆ ತೆರಬೇಕಾದ ಬೆಲೆಯೂ ಉಂಟು. ನಮ್ಮ ರಸ್ತೆಯುಬ್ಬುಗಳು ಯಾವ ನಿಯಮಕ್ಕೂ ಬಗ್ಗಿದವಲ್ಲ. ಕರಪತ್ರದಲ್ಲಿ ನೆಲದಿಂದ ತಳದ ಎತ್ತರ 179 ಮಿಲಿಮೀಟರ್ ಎಂದಿದ್ದರೆ ಅದು ಬರಿದಾದ ಕಾರಿನ ಅಳತೆ. ಐದು ಜನ ಕುಳಿತಾಗ ಸ್ಪ್ರಿಂಗು ಕುಗ್ಗುತ್ತದೆ. ಆದುದರಿಂದ ಪರೀಕ್ಷಾರ್ಥವಾಗಿ ಓಡಿಸುವಾಗ ಒಬ್ಬರೇ ಹೋಗದೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಮನೆಯ ಹತ್ತಿರದ ಅತಿ ಕೆಟ್ಟ ಉಬ್ಬನ್ನೇ ದಾಟಿ ನೋಡಬೇಕು. ಚಕ್ರದ ವಿಷಯದಲ್ಲಿಯೂ ಎಚ್ಚರ ಅವಶ್ಯ. ಟೈರಿನ ಮೇಲೆ 205/55 R16 ಎಂದಿದ್ದರೆ ಅಗಲ 205 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 55, ಅಂದರೆ 113 ಮಿಲಿಮೀಟರ್, ಚಕ್ರದ ವ್ಯಾಸ 16 ಅಂಗುಲ. ಗೋಡೆ ಗಿಡ್ಡವಾದಷ್ಟೂ ಸ್ಟಿಯರಿಂಗಿಗೆ ಕಾರು ಬೇಗ ಓಗೊಡುತ್ತದೆ. ಗುಂಡಿಗೆ ಬಿದ್ದಾಗ ಚಕ್ರದ ಅಂಚು ಬೇಗ ಸೊಟ್ಟಗಾಗುತ್ತದೆ. ಅಂದಕ್ಕಾಗಿ ಇನ್ನೂ ದೊಡ್ಡ ಚಕ್ರ ಹಾಕಿಸುವವರು ಈ ಎರಡನೆಯ ಮಾತನ್ನು ಮರೆಯುತ್ತಾರೆ.

ಇನ್ನು ಹೊಸದೋ ಹಳೆಯದೋ ಎಂಬ ಪ್ರಶ್ನೆ. ಕಾರಿನ ಬೆಲೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ನಮ್ಮ ದೇಶದ ವಾಹನ ವಿಮೆಯವರ ಕೋಷ್ಟಕವೇ ಒಂದು ಅಳತೆಗೋಲು. ಆರು ತಿಂಗಳಿನೊಳಗೆ ಶೇಕಡಾ 5, ಒಂದು ವರ್ಷದೊಳಗೆ 15, ಎರಡರೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಹದಿನಾರು ಲಕ್ಷದ ಕಾರು ಮೂರು ವರ್ಷ ತುಂಬಿದ ಮರುದಿನ ಈ ಲೆಕ್ಕದಲ್ಲಿ 9 ಲಕ್ಷ 60 ಸಾವಿರದ ವಸ್ತು. ಪೇಟೆಯ ಬೆಲೆ ಇದಕ್ಕಿಂತ ಹೆಚ್ಚಾಗಬಹುದು, ಕಡಿಮೆಯಾಗಬಹುದು. ಮೊದಲ ಒಡೆಯರು ಒಮ್ಮೆಗೇ ಕಟ್ಟಿದ ಜೀವಿತಾವಧಿ ತೆರಿಗೆಯನ್ನು ಎರಡನೆಯವರು ಅದೇ ರಾಜ್ಯದಲ್ಲಿ ಮತ್ತೆ ಕಟ್ಟಬೇಕಾಗಿಲ್ಲ ಎಂಬುದೂ ಗಮನಾರ್ಹ. ಹೊಸ ಮಧ್ಯಮ ಸೆಡಾನಿಗೆ ಎಣಿಸಿದ ಹಣವು ಹಳೆಯ ಕಾರುಗಳ ಪೇಟೆಯಲ್ಲಿ ಒಂದು ಮೆಟ್ಟಿಲು ಮೇಲಿನ ಕಾರನ್ನು ತರಬಲ್ಲುದು. 2021ರಲ್ಲಿ ಬಂದು 2023ರಲ್ಲಿ ಮಾರಾಟ ನಿಂತ ಸ್ಕೋಡಾ ಆಕ್ಟೇವಿಯಾ ಮಾದರಿಯ 190 ಅಶ್ವಶಕ್ತಿ, 320 ನ್ಯೂಟನ್-ಮೀಟರುಗಳಿಗೆ ಮನಸೋಲುವವರು ಹಲವರು. ಆದರೆ ಮೇಲಿನ ಮೆಟ್ಟಿಲಿನ ಕಾರು ಹಳೆಯದಾದರೂ ಅದರ ಬಿಡಿಭಾಗಗಳ ಬೆಲೆ ಮೇಲಿನ ಮೆಟ್ಟಿಲಿನದೇ ಆಗಿರುತ್ತದೆ.

ಕಾಲವು ಕಾರಿನಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ವಿಚಾರಿಸಿದರೆ ಒಂದು ಸ್ವಾರಸ್ಯ ಹೊಳೆಯುತ್ತದೆ. ಎಂಜಿನು ಎಣ್ಣೆ ಕಂಡು ಬಾಳಿದ್ದರೆ ಲಕ್ಷ ಕಿಲೋಮೀಟರಿಗೂ ಅಂಜುವುದಿಲ್ಲ. ಮೊದಲು ಸೋಲುವುವು ಟೈರು, ಷಾಕ್ ಅಬ್ಸಾರ್ಬರು, ಕೀಲುಗಳಲ್ಲಿರುವ ರಬ್ಬರಿನ ಬುಷ್ಷುಗಳು, ಬ್ರೇಕಿನ ತಟ್ಟೆಗಳು. ಅಂದರೆ ನಾವು ಯಾವುದನ್ನು ಚುರುಕು ಎಂದು ಕರೆದೆವೋ ಅದೇ ಮೊದಲು ಹೋಗುತ್ತದೆ. ಸಂತೋಷದ ಸಂಗತಿಯೆಂದರೆ ಇವೆಲ್ಲವನ್ನೂ ಹೊಸದಾಗಿ ಹಾಕಿಸಬಹುದು. ಅಪಘಾತದಲ್ಲಿ ಮುರಿದು ಬೆಸೆದ ಒಡಲನ್ನು ಮಾತ್ರ ಮೊದಲಿನಂತೆ ಮಾಡಲಾಗದು. ವರ್ಟಸ್, ಸ್ಲಾವಿಯಾಗಳಿಗೆ 2023ರ ಏಪ್ರಿಲಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿಯ ಪರೀಕ್ಷೆಯಲ್ಲಿ ಐದು ನಕ್ಷತ್ರ ದೊರೆತವು. ಆದರೆ ಆ ನಕ್ಷತ್ರಗಳು ಸಂದದ್ದು ಕಾರ್ಖಾನೆಯಿಂದ ಬಂದ ಒಡಲಿಗೆ, ಗ್ಯಾರೇಜಿನಲ್ಲಿ ತಟ್ಟಿ ನೆಟ್ಟಗಾಗಿಸಿದ ಒಡಲಿಗಲ್ಲ. ಮೈಕಟ್ಟು ಗಟ್ಟಿಯಾಗಿದ್ದು ಓಟ ಜಡ್ಡಾಗಿರುವ ಹಳೆಯ ಕಾರನ್ನು ಕೊಂಡು, ಉಳಿದ ಹಣವನ್ನು ಟೈರಿಗೂ ಷಾಕ್ ಅಬ್ಸಾರ್ಬರಿಗೂ ಹಾಕುವುದೇ ಜಾಣತನವೆಂದು ನಮ್ಮ ಮತ.

ಪರೀಕ್ಷಿಸುವ ಬಗೆ ಕಷ್ಟವಲ್ಲ. ಬಾನೆಟ್ಟಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಮೇಲೆದ್ದು ಒಂದೇ ಸಲಕ್ಕೆ ಸುಮ್ಮನಾದರೆ ಷಾಕ್ ಅಬ್ಸಾರ್ಬರು ಸರಿಯಿದೆ; ಎರಡು ಮೂರು ಸಲ ತೂಗಿದರೆ ಸತ್ತಿದೆ. ಕ್ರಮೇಣ ಅಡಗುವ ಆಂದೋಲನದ ಪಾಠವನ್ನು ಪ್ರಯೋಗಶಾಲೆಯ ಹೊರಗೆ ನೋಡಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಆಂದೋಲನ ಅಡಗದಿದ್ದರೆ ಚಕ್ರವು ಕೆಟ್ಟ ರಸ್ತೆಯಲ್ಲಿ ನೆಲ ಬಿಟ್ಟು ಹಾರುತ್ತದೆ. ಹಾರಿದ ಕ್ಷಣದಲ್ಲಿ ಆ ಅಂಗೈಯ ಹಿಡಿತ ಸೊನ್ನೆ. ಟೈರಿನ ಗೋಡೆಯ ಮೇಲಿನ ನಾಲ್ಕಂಕೆಯ ಗುರುತನ್ನು ಓದಿ: 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದಿದ್ದರೆ ಆ ಟೈರಿನ ಆಯುಷ್ಯ ಮುಗಿಯಿತು. ಎಂಜಿನು ತಣ್ಣಗಿರುವಾಗಲೇ ಚಾಲೂ ಮಾಡಿಸಿ ಹೊಗೆಯನ್ನು ನೋಡಿ. ನೀಲಿ ಹೊಗೆ ಎಣ್ಣೆ ಸುಡುತ್ತಿರುವುದರ ಸೂಚನೆ. ಎರಡು ಕ್ಲಚ್ಚಿನ ಸ್ವಯಂಚಾಲಿತ ಗೇರಾದರೆ ಆಮೆಗತಿಯ ದಟ್ಟಣೆಯಲ್ಲಿ ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಜಗ್ಗುತ್ತದೆಯೇ ಎಂದು ಗಮನಿಸಿ. ಓಡಿದ ದೂರವನ್ನು ತೋರಿಸುವ ಅಂಕೆ ಸುಳ್ಳಾಡಬಹುದು. ಪೆಡಲಿನ ರಬ್ಬರೂ ಸರ್ವಿಸಿನ ದಾಖಲೆಯೂ ಒಟ್ಟಿಗೆ ಸುಳ್ಳಾಡುವುದು ಕಷ್ಟ.

ನೀರಿನಲ್ಲಿ ಮುಳುಗಿದ ಕಾರಿನ ಬಗ್ಗೆ ವಿಶೇಷ ಎಚ್ಚರ ಬೇಕು. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಎಷ್ಟೋ ಕಾರುಗಳು ಮುಳುಗಿದುವು. ತೊಳೆದು ಒಣಗಿಸಿದ ಮೇಲೆ ಕಣ್ಣಿಗೆ ಏನೂ ಕಾಣುವುದಿಲ್ಲ. ವಿದ್ಯುತ್ ತಂತಿಗಳ ಜೋಡಣೆಗಳು ಮಾತ್ರ ತಿಂಗಳುಗಟ್ಟಲೆ ತುಕ್ಕು ಹಿಡಿಯುತ್ತಲೇ ಹೋಗುತ್ತವೆ. ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ತೊಳೆಯುವವರ ಕೈ ತಲುಪದ ಆ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುವುದುಂಟು.

ಇಂಧನದ ಮಾತೂ ಒಂದಿದೆ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲನ್ನು ಬೆರೆಸುವ ಪದ್ಧತಿ ಈಗ ದೇಶದಲ್ಲೆಲ್ಲ ಹಬ್ಬಿದೆ. ಲೀಟರು ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್, ಎಥನಾಲಿನಲ್ಲಿ 21 ಮೆಗಾಜೂಲ್ ಶಕ್ತಿಯಿರುವುದರಿಂದ ಮಿಶ್ರಣದ ಲೀಟರಿನಲ್ಲಿ ಶೇಕಡಾ 7ರಷ್ಟು ಶಕ್ತಿ ಕಡಿಮೆ. ಹಳೆಯ ಕಾರಾದರೆ ಅದರ ಇಂಧನದ ಕೊಳವೆಗಳೂ ರಬ್ಬರೂ ಈ ಮಿಶ್ರಣಕ್ಕೆ ತಕ್ಕುವೇ ಎಂಬುದನ್ನು ತಯಾರಕರ ಕೈಪಿಡಿಯಿಂದ ತಿಳಿದುಕೊಳ್ಳಬೇಕು.

ಕಡೆಗೆ ಕಾಗದಪತ್ರಗಳು. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯಿದೆ ವಿಧಿಸುತ್ತದೆ. ಹೊರರಾಜ್ಯದ ಕಾರನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಹೊಸ ನೋಂದಣಿ ಮಾಡಿಸಬೇಕು. ಅಗ್ಗವಾಗಿ ಸಿಕ್ಕಿತೆಂಬ ಹಿಗ್ಗು ಎಷ್ಟೋ ಸಲ ಈ ತೆರಿಗೆಯಲ್ಲಿಯೇ ಕರಗುತ್ತದೆ. ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹೆಸರು ಕಂಡರೆ ಸಾಲ ತೀರಿತೆಂಬ ಬ್ಯಾಂಕಿನ ಪತ್ರವನ್ನು ಕೈಗೆ ಪಡೆದ ಮೇಲೆಯೇ ಮುಂಗಡ ಕೊಡತಕ್ಕದ್ದು.