ಕೇಬಲ್ ಹೊಸದು, ಆದರೂ ತುದಿ ಸುಡುವುದೇಕೆ?

ಪ್ರಶ್ನೆ: ನಮ್ಮ ಮನೆಯ ಎಸ್‌ಪ್ರೆಸೊ ಯಂತ್ರದ ಹಿಂದೆ ಕೇಬಲ್ ಸಿಕ್ಕಿಸುವ ಜಾಗ ಕಂದುಬಣ್ಣಕ್ಕೆ ತಿರುಗಿದೆ. ಕೇಬಲ್ ಬದಲಾಯಿಸಿದೆ, ಹದಿನೈದೇ ದಿನಕ್ಕೆ ಅದರ ತುದಿಯೂ ಸುಟ್ಟಿತು. ಆ ಜಾಗವನ್ನೇ ಬದಲಾಯಿಸಬಹುದೇ? ಕಂಪ್ಯೂಟರ್ ಕೇಬಲ್ ನಡೆಯುತ್ತದೆಯೇ?

ಉತ್ತರ: ತುದಿ ಸುಟ್ಟಾಗ ಕೇಬಲ್ಲನ್ನೇ ಅನುಮಾನಿಸುವುದು ಸಹಜ. ನೀವು ಹೇಳುವುದನ್ನು ನೋಡಿದರೆ ದೋಷವಿರುವುದು ಯಂತ್ರದ ಮೈಗೆ ಕೂರಿಸಿದ ಮೂರು ಪಿನ್ನಿನ ಇನ್‌ಲೆಟ್‌ನಲ್ಲಿ. ಅದನ್ನು ಖಂಡಿತ ಬದಲಾಯಿಸಬಹುದು.

1400 ವಾಟ್‌ನ ಯಂತ್ರ 230 ವೋಲ್ಟ್‌ನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. ಕೇಬಲ್ ತುದಿಯೊಳಗಿನ ಲೋಹದ ಪಟ್ಟಿ ಪಿನ್ನನ್ನು ಬಿಗಿಯಾಗಿ ಕಚ್ಚಿ ಹಿಡಿದಿದ್ದರೆ ತೊಂದರೆಯಿಲ್ಲ. ಪಿನ್ನು ಕಪ್ಪಾಗಿ ಅಲ್ಲಿ ಬರೀ 0.1 ಓಮ್ ರೋಧ ಹುಟ್ಟಿದರೂ 3.6 ವಾಟ್ ಶಾಖ ಏಳುತ್ತದೆ, ಅದೂ ಅಕ್ಕಿಕಾಳಿನಷ್ಟು ಜಾಗದಲ್ಲಿ. ಬಿಸಿಗೆ ಪಟ್ಟಿಯ ಬಿಗಿ ಸಡಿಲುತ್ತದೆ, ಸಡಿಲಿದಷ್ಟೂ ಬಿಸಿ ಏರುತ್ತದೆ. ಸುಟ್ಟ ಪಿನ್ನಿಗೆ ಸಿಕ್ಕಿಸಿದ್ದರಿಂದಲೇ ನಿಮ್ಮ ಹೊಸ ಕೇಬಲ್ಲೂ ಕೆಟ್ಟಿತು. ಹಾಗಾಗಿ ಇನ್‌ಲೆಟ್, ಕೇಬಲ್ ಎರಡನ್ನೂ ಒಟ್ಟಿಗೇ ಬದಲಾಯಿಸಿ.

ಇನ್ನು ಕಂಪ್ಯೂಟರ್ ಕೇಬಲ್. ಇಲ್ಲಿ ಬಹಳ ಜನ ಎಡವುತ್ತಾರೆ. ಕಂಪ್ಯೂಟರಿಗೆ ಬರುವ ಸಿ13 ತುದಿ, ಬಿಸಿಯಾಗುವ ಉಪಕರಣಗಳ ಸಿ15 ತುದಿ ನೋಡಲು ಅವಳಿಗಳಂತಿವೆ. ಸಿ15ರ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ, ಅಷ್ಟೇ. ಆದರೆ ಮೊದಲನೆಯದು ಪಿನ್ನಿನ ಬಳಿ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ, ಎರಡನೆಯದು 120ರವರೆಗೆ. ನಿಮ್ಮ ಹಳೆಯ ಕೇಬಲ್‌ನಲ್ಲಿ ಕಚ್ಚು ಇದ್ದರೆ ಹೊಸ ಕೇಬಲ್ಲೂ ಇನ್‌ಲೆಟ್ಟೂ ಅದೇ ಜಾತಿಯವಾಗಿರಲಿ. ಕಚ್ಚು ಇಲ್ಲದಿದ್ದರೆ ಸಿ13 ಸಾಕು. ಆದರೆ ತಂತಿ 1 ಚದರ ಮಿ.ಮೀ.ಗೆ ಕಡಿಮೆ ಬೇಡ, ಗೋಡೆಯ ಕಡೆಗೆ 16 ಆಂಪಿಯರ್ ಪ್ಲಗ್ ಇರಲಿ.

ಕೆಲಸಕ್ಕೆ ಮುಂಚೆ ಪ್ಲಗ್ ಕಿತ್ತು, ನೀರು ಚೆಲ್ಲಿ, ಬಾಯ್ಲರ್ ಪೂರ್ತಿ ಆರಲು ಬಿಡಿ. ಕವಚ ಬಿಚ್ಚಿ, ಯಾವ ತಂತಿ ಎಲ್ಲಿದೆ ಎಂದು ಫೋನಿನಲ್ಲಿ ಫೋಟೊ ತೆಗೆಯಿರಿ. ತಂತಿ ಎಳೆಯಬೇಡಿ, ತುದಿಗೆ ಒತ್ತಿದ ಲೋಹದ ಲಗ್ಗನ್ನು ಇಕ್ಕಳದಿಂದ ಹಿಡಿದು ಎಳೆಯಿರಿ. ಲಗ್ ನೀಲಿಗಪ್ಪಾಗಿದ್ದರೆ ಅದನ್ನು ಉಳಿಸಿಕೊಳ್ಳಬೇಡಿ. ತಾಮ್ರ ಕೆಂಪಗೆ ಹೊಳೆಯುವವರೆಗೆ ತಂತಿ ಕತ್ತರಿಸಿ, ಹೊಸ ಲಗ್ಗನ್ನು ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ. ಬೆಸುಗೆ ಬೇಡ, ಆ ಬಿಸಿಯಲ್ಲಿ ಅದು ಸಡಿಲವಾಗುತ್ತದೆ. ಹಳೆಯ ಇನ್‌ಲೆಟ್ ತೆಗೆದು ಹೊಸದನ್ನು ಕೂರಿಸಿ. ಫೋಟೊ ನೋಡಿಕೊಂಡು ಫೇಸ್ ತಂತಿ ಎಲ್ ಗುರುತಿಗೆ, ನ್ಯೂಟ್ರಲ್ ಎನ್ ಗುರುತಿಗೆ, ಹಸಿರು-ಹಳದಿ ಅರ್ತ್ ತಂತಿ ನಡುವಿನ ಪಿನ್ನಿಗೆ.

ಕರೆಂಟ್ ಕೊಡುವ ಮುನ್ನ ಮಲ್ಟಿಮೀಟರ್ ಹಿಡಿಯಿರಿ. ಅರ್ತ್ ಪಿನ್ನಿಗೂ ಯಂತ್ರದ ಲೋಹದ ಮೈಗೂ ನಡುವೆ ರೋಧ ಸೊನ್ನೆಯ ಹತ್ತಿರವಿರಬೇಕು. ಯಂತ್ರದ ಸ್ವಿಚ್ ಒತ್ತಿಟ್ಟು ನೋಡಿದಾಗಲೂ ಉಳಿದೆರಡು ಪಿನ್ನುಗಳಿಗೂ ಮೈಗೂ ಸಂಪರ್ಕವೇ ಇರಬಾರದು. ಇದ್ದರೆ ಪ್ಲಗ್ ಹಾಕದೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಎಲ್ಲ ಸರಿಯಿದ್ದರೆ ಒಂದು ಲೋಟ ಕಾಫಿ ಇಳಿಸಿ, ಪ್ಲಗ್ ಕಿತ್ತು, ಕೇಬಲ್ ತುದಿ ಮುಟ್ಟಿ ನೋಡಿ. ಬೆಚ್ಚಗಿರಬಹುದು, ಕೈ ಸುಡಬಾರದು.