ಹುಣಸೆಮರದ ಹೆಜ್ಜಾರ್ಲೆಗಳು

ಮಕ್ಕಳೇ, ಒಂದು ಹುಣಸೆಮರವನ್ನು ನೆನೆಸಿಕೊಳ್ಳಿ. ಮರದ ತುಂಬ ಹಣ್ಣು ತೂಗಾಡುತ್ತಿದೆ. ಕೊಂಬೆಕೊಂಬೆಗೂ ಗೂಡು, ಗೂಡಿನಲ್ಲಿ ಮರಿಗಳು. ಮರದ ಯಜಮಾನ ಹಣ್ಣು ಉದುರಿಸಲು ಗಳ ಹಿಡಿದು ಹತ್ತಿದರೆ ಏನಾಗುತ್ತದೆ? ತಾಯಿಹಕ್ಕಿಗಳು ಬೆದರಿ ಹಾರುತ್ತವೆ. ಮೊಟ್ಟೆ, ಮರಿಗಳು ಕೆಳಗೆ ಬೀಳುತ್ತವೆ. ಹತ್ತದೇ ಬಿಟ್ಟರೆ? ಅವನ ಆ ವರ್ಷದ ಆದಾಯಕ್ಕೆ ಕುತ್ತು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಜನರಿಗೆ ಇದು ಪ್ರತಿವರ್ಷದ ಪ್ರಶ್ನೆ. ಶಿಂಷಾ ನದಿಯ ಹತ್ತಿರದ ಈ ಊರಿಗೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟಲು ಬರುತ್ತವೆ. ಕಾಡಿಗಲ್ಲ, ಮನೆಗಳ ನಡುವಿನ ಮರಗಳಿಗೇ! ಹೆಜ್ಜಾರ್ಲೆಯ ಕೊಕ್ಕಿನ ಕೆಳಗೆ ದೊಡ್ಡ ಚೀಲವಿದೆ. ಅದು ಮೀನು ಕೂಡಿಡುವ ಬುತ್ತಿಯಲ್ಲ, ಮೀನು ಹಿಡಿಯುವ ಬಲೆ.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನ ಹಕ್ಕಿಗಳ ವಿಷಯವನ್ನು ಹೊರಜಗತ್ತಿಗೆ ತಿಳಿಸಿದರು. ಮುಂದೆ ಅರಣ್ಯ ಇಲಾಖೆ, ಹಣ್ಣು ಬಿಟ್ಟುಕೊಟ್ಟ ಮರದ ಯಜಮಾನರಿಗೆ ಪರಿಹಾರಧನ ಕೊಡುವ ಏರ್ಪಾಡು ಮಾಡಿತು. ಆ ಹಣ ಸಾಲದು ಎಂದು ಯಜಮಾನರು ಹೇಳುವುದುಂಟು. ಹೇಳುವುದರಲ್ಲಿ ನ್ಯಾಯವೂ ಇದೆ, ಅಲ್ಲವೇ? ಆದರೆ ಹಕ್ಕಿಗಳಿಂದ ಲಾಭವೂ ಉಂಟು. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಗುಂಡಿಯಲ್ಲಿ ಕೂಡಿಸಿ, ಕೆರೆಯ ಗೋಡುಮಣ್ಣು ಬೆರೆಸಿದರೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಅದರಲ್ಲಿ ಸಾರಜನಕ, ರಂಜಕಗಳಿರುತ್ತವೆ.

ಗೂಡಿನಿಂದ ಬಿದ್ದ ಮರಿಯ ಗತಿ ಏನು? ಹೆಜ್ಜಾರ್ಲೆಯ ಮರಿ ಹಾರಲು ತಿಂಗಳುಗಳೇ ಬೇಕು. ಕೆಳಗೆ ಬಿದ್ದರೆ ಅದು ನಾಯಿಗಳ ಪಾಲು. 1990ರ ದಶಕದಲ್ಲಿ ಮೈಸೂರಿನ ನಿಸರ್ಗಾಸಕ್ತರ ಸಂಘವೊಂದು ಊರಿನ ಯುವಕರ ಜೊತೆ ಸೇರಿತು. ಹೀಗೆ ಹುಟ್ಟಿದ್ದು ‘ಹೆಜ್ಜಾರ್ಲೆ ಬಳಗ’. ಬಳಗದವರು ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ ಬೆಳೆಸಿದರು. ರೆಕ್ಕೆ ಬಲಿತ ಮೇಲೆ ಅವು ಹಾರಿಹೋಗುತ್ತವೆ.

2007ರಲ್ಲಿ ಸರ್ಕಾರ ಈ ಊರನ್ನು ‘ಸಮುದಾಯ ಮೀಸಲು ಪ್ರದೇಶ’ ಎಂದು ಘೋಷಿಸಿತು. ಇಂಥ ಮೀಸಲಿನಲ್ಲಿ ಜಮೀನು, ಮರ ಜನರದ್ದೇ ಆಗಿರುತ್ತವೆ. ಅದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಊರಿನವರೂ ಇರುತ್ತಾರೆ, ಅರಣ್ಯ ಇಲಾಖೆಯವರೂ ಇರುತ್ತಾರೆ.

ಇಷ್ಟಾದರೂ ತೊಂದರೆ ಮುಗಿಯಲಿಲ್ಲ. 2017ರ ಕೊನೆ ಮತ್ತು 2018ರಲ್ಲಿ ಇಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತವು. ಪರೀಕ್ಷಿಸಿದಾಗ ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡವು. ಈ ಹುಳು ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರುತ್ತದೆ. ಮೀನು ಸಿಗುವುದು ಎಲ್ಲಿ? ಬೇರೆ ಬೇರೆ ಊರುಗಳ ಕೆರೆಗಳಲ್ಲಿ. ಹಾಗಾಗಿ ಕೊಕ್ಕರೆಬೆಳ್ಳೂರಿನವರು ತಮ್ಮ ಮರ ಉಳಿಸಿಕೊಂಡರೆ ಸಾಲದು. ಸುತ್ತಲಿನ ಊರಿನವರು ಕೆರೆಗೆ ಕೊಳಕು ಬಿಡದಂತೆಯೂ ನೋಡಿಕೊಳ್ಳಬೇಕು.

ಮಾಡಿ ನೋಡಿ: ನಿಮ್ಮೂರಿನಲ್ಲಿ ಹಕ್ಕಿಗೂಡುಗಳಿರುವ ಒಂದು ಮರವನ್ನು ಆರಿಸಿಕೊಳ್ಳಿ. ದೂರದಿಂದಲೇ ಗೂಡುಗಳನ್ನು ಎಣಿಸಿ. ಮರ ಯಾರದು, ಅದರಿಂದ ಅವರಿಗೆ ಏನು ಸಿಗುತ್ತದೆ, ಹಕ್ಕಿಗಳು ಆಹಾರಕ್ಕೆ ಯಾವ ಕಡೆ ಹಾರುತ್ತವೆ ಎಂದು ಕೇಳಿ, ನೋಡಿ, ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಮತ್ತೆ ಎಣಿಸಿ.